ಔಷಧ ಹೊಡೆದ ಗೋಡೆ

ನಾನು ನಿಮ್ಮಷ್ಟೇ ಚಿಕ್ಕವನಿದ್ದ ಆ ವರ್ಷ, ಮಹಾನವಮಿ ಮುಗಿದ ಮೇಲೂ ನಮ್ಮ ಮನೆಯ ಮಗ್ಗ ಸದ್ದು ಮಾಡಲಿಲ್ಲ. ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಲ್ಲಿ ನಮ್ಮ ಮನೆ. ಅಪ್ಪ ಕಂಬಳಿ ನೇಯುತ್ತಿದ್ದ. ನಡುಮನೆಯ ನೆಲದಲ್ಲಿ ಒಂದು ಕುಣಿ ತೋಡಿತ್ತು. ಅಪ್ಪ ಅದರೊಳಗೆ ಕಾಲು ಇಳಿಬಿಟ್ಟು ಕೂತು ಮಗ್ಗ ತುಳಿಯುತ್ತಿದ್ದ. ಮನೆಯ ತುಂಬ ಕುರಿಯ ಉಣ್ಣೆಯ ವಾಸನೆ, ಅದರ ಜೊತೆಗೆ ನೂಲಿಗೆ ಹಾಕುವ ಹುಣಸೆಬೀಜದ ಗಂಜಿಯ ಹುಳಿ ವಾಸನೆ. ನಾವು ಆ ವಾಸನೆಯಲ್ಲೇ ಹುಟ್ಟಿದವರು, ನಮಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಹೊರಗಿನವರು ಬಂದು ಮೂಗು ಮುಚ್ಚಿಕೊಂಡಾಗ ಮಾತ್ರ ಗೊತ್ತಾಗುತ್ತಿತ್ತು.

ಅವ್ವ ಮತ್ತು ಅಕ್ಕ ಉಣ್ಣೆ ಹಿಂಜಿ ನೂಲು ತೆಗೆಯುತ್ತಿದ್ದರು. ನಾನು ಶಾಲೆಗೆ ಹೋಗುತ್ತಿದ್ದೆ. ತಮ್ಮ ಇನ್ನೂ ಅಂಗಳದಲ್ಲಿ ಕೋಳಿ ಅಟ್ಟಿಕೊಂಡು ತಿರುಗುವಷ್ಟು ಸಣ್ಣವನು. ಅಕ್ಕ ಸೀರೆ ಉಡುವ ವಯಸ್ಸಿಗೆ ಬಂದಿದ್ದಳು, ಆದರೆ ನಾಗರ ಪಂಚಮಿಯ ಜೋಕಾಲಿ ಹತ್ತಿದರೆ ನನಗಿಂತ ಚಿಕ್ಕವಳಾಗುತ್ತಿದ್ದಳು. ಆ ವರ್ಷದ ಪಂಚಮಿಗೆ ಅವಳೇ ನಡುಮನೆಯ ಒಂದು ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಬೆರಳಿನಿಂದ ಸುಣ್ಣದ ಎಳೆ ಎಳೆದು ಬಳ್ಳಿ, ಹೂವು, ಎರಡು ಗಿಳಿ ಬರೆದಿದ್ದಳು. ಒಂದು ಗಿಳಿಯ ಕೊಕ್ಕು ಬಹಳ ಉದ್ದವಾಗಿ, ಅದು ಗಿಳಿಯೋ ಕೊಕ್ಕರೆಯೋ ಎಂದು ನಾನು ನಗಾಡಿದ್ದೆ.

ಗಣಪತಿ ಹಬ್ಬ ಕಳೆದ ಮೇಲೆ ಅಕ್ಕನಿಗೆ ಜ್ವರ ಬಂತು. ನಡುಗುವಾಗ ಎಷ್ಟು ಕಂಬಳಿ ಹೊದಿಸಿದರೂ ಸಾಲುತ್ತಿರಲಿಲ್ಲ. ಕಂಬಳಿ ನೇಯುವವರ ಮನೆ ನಮ್ಮದು, ಒಂದರ ಮೇಲೊಂದು ಹೊದಿಸುತ್ತಲೇ ಹೋದೆವು. ಆಮೇಲೆ ಬೆವರಿ, ಎದ್ದು ಕೂತು, ಮಜ್ಜಿಗೆ ಅನ್ನ ಕೇಳುತ್ತಿದ್ದಳು. ಮರುದಿನ ಚೆನ್ನಾಗಿಯೇ ಇರುತ್ತಿದ್ದಳು. ಮತ್ತೆ ಜ್ವರ. ಇದು ಮಲೇರಿಯಾ ಇರಬಹುದೇ ಎಂದು ಪಕ್ಕದ ಮನೆಯವರು ಕೇಳಿದರು. ಅಪ್ಪ ಇಲ್ಲ ಎಂದ. ಬೇಸಿಗೆ ಮುಗಿಯುವಾಗ ಸರಕಾರದವರು ಬಂದು ನಮ್ಮ ಮನೆಗೆ ಡಿ.ಡಿ.ಟಿ. ಹೊಡೆದು ಹೋಗಿದ್ದರು. ಔಷಧ ಹೊಡೆದ ಮನೆಯಲ್ಲಿ ಸೊಳ್ಳೆ ಬದುಕುವುದಿಲ್ಲ, ಸೊಳ್ಳೆ ಇಲ್ಲದೆ ಮಲೇರಿಯಾ ಬರುವುದಿಲ್ಲ. ಅಪ್ಪ ಹೇಳಿದ್ದು ಸುಳ್ಳಲ್ಲ. ಹಿಂದಿನ ವರ್ಷಗಳಲ್ಲಿ ನಾವೆಲ್ಲ ಕಣ್ಣಾರೆ ಕಂಡದ್ದೇ ಅದು. ಹಾಗಾಗಿ ಮಳೆಗಾಲದ ಜ್ವರವೆಂದು ಕಷಾಯ ಕುಡಿಸಿದರು, ಮಠದಿಂದ ಅಂಗಾರದ ಬೂದಿ ತಂದು ಹಣೆಗೆ ಹಚ್ಚಿದರು. ಕೊನೆಗೆ ಅಕ್ಕ ನಮ್ಮನ್ನು ಗುರುತಿಸದೆ ಏನೇನೋ ಮಾತಾಡತೊಡಗಿದಾಗ ಚಕ್ಕಡಿ ಹೂಡಿದರು. ಚಕ್ಕಡಿ ಊರು ದಾಟಿ ಹೋಗಿ, ದಾರಿಯಲ್ಲೇ ತಿರುಗಿ ಬಂತು.

ಆಮೇಲೆ ಮನೆಯಲ್ಲಿ ಯಾರೂ ಅಳಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಮೊದಲ ದಿನ ಊರಿನವರು ಅತ್ತರು, ನಾವು ಅವರನ್ನು ನೋಡಿದೆವು. ಅವ್ವ ಎಂದಿನಂತೆ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಮಗ್ಗದ ಮುಂದೆ ಕೂತು, ಕೈ ಹಚ್ಚದೆ, ಅದಕ್ಕೆ ಹೂಡಿದ್ದ ಹಾಸಿನ ಎಳೆಗಳನ್ನೇ ನೋಡಿ ಎದ್ದು ಹೋಗುತ್ತಿದ್ದ. ನಾನು ಊಟ ಮಾಡುತ್ತಿದ್ದೆ, ಖಾರ ಹತ್ತುತ್ತಿರಲಿಲ್ಲ. ಹೊಸ ಕಂಬಳಿಯ ಮೇಲೆ ಬರಿಮೈಯಲ್ಲಿ ಮಲಗಿದರೆ ಮೊದಲು ಮೈಯೆಲ್ಲ ತುರಿಸುತ್ತಿತ್ತು. ಆಗ ತುರಿಕೆಯೂ ಇಲ್ಲ. ಕಿವಿಯಲ್ಲಿ ಉಣ್ಣೆ ತುರುಕಿಕೊಂಡವರ ಹಾಗೆ ನಾವೆಲ್ಲ ಒಬ್ಬರ ಪಕ್ಕ ಒಬ್ಬರು ತಿರುಗಾಡುತ್ತಿದ್ದೆವು.

ಹೀಗಿರುವಾಗ ಒಂದು ಬೆಳಿಗ್ಗೆ ಡಿ.ಡಿ.ಟಿ. ಹೊಡೆಯುವವರು ಎರಡನೆಯ ಸಲ ಬಂದರು.

ನಿಮಗೆ ಅದು ಹೇಗಿರುತ್ತಿತ್ತು ಎಂದು ಹೇಳಬೇಕು. ಖಾಕಿ ಬಟ್ಟೆಯವರು, ಬಕೆಟ್ಟು, ಬಕೆಟ್ಟಿನಲ್ಲಿ ನಿಲ್ಲಿಸಿದ ಪಂಪು. ಒಬ್ಬ ಕಾಲಿನಿಂದ ಪಂಪನ್ನು ಒತ್ತಿ ಹಿಡಿದು ಕೈಯಿಂದ ಎಳೆದು ಬಿಡುತ್ತಿದ್ದ. ಇನ್ನೊಬ್ಬ ಉದ್ದನೆಯ ಕೋಲಿನ ತುದಿಯಿಂದ ಗೋಡೆಗೆ, ಮಾಡಿಗೆ, ಬಾಗಿಲ ಹಿಂದೆ ಔಷಧ ಹಾರಿಸುತ್ತಿದ್ದ. ಮೂಗಿಗೆ ಚುಚ್ಚುವ ವಾಸನೆ. ಒಣಗಿದ ಮೇಲೆ ಗೋಡೆಯ ತುಂಬ ಬಿಳಿ ಪುಡಿ ಕೂತಿರುತ್ತಿತ್ತು. ಮೊದಮೊದಲು ಆ ದಿನ ನಮಗೆ ಹಬ್ಬದಂತೆ ಇರುತ್ತಿತ್ತು. ಕೊಡ, ಗಡಿಗೆ, ಹಾಸಿಗೆ, ನೂಲಿನ ಉಂಡೆ ಎಲ್ಲ ಅಂಗಳಕ್ಕೆ ಬರುತ್ತಿದ್ದವು. ಮರುದಿನ ಅಕ್ಕ ಕಸಬರಿಗೆ ಹಿಡಿದು ಸತ್ತ ಸೊಳ್ಳೆಗಳನ್ನು ಗುಡಿಸಿ, ಮೊರದ ತುಂಬ ತುಂಬಿ, ನಮಗೆ ತೋರಿಸುತ್ತಿದ್ದಳು. ಸೊಳ್ಳೆಯ ಜೊತೆ ಜಿರಲೆ, ಜೇಡ ಎಲ್ಲ ಇರುತ್ತಿದ್ದವು. ಕೋಳಿ ಅದನ್ನು ತಿಂದೀತೆಂದು ಅವಳು ದೂರ ಹೋಗಿ ಸುರಿದು ಬರುತ್ತಿದ್ದಳು.

ಈ ಸಲ ಯಾರೂ ಗಡಬಡಿಸಲಿಲ್ಲ. ಅವ್ವ, ನಾನು ಸಾಮಾನು ಹೊರಗೆ ತಂದಿಟ್ಟೆವು. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಔಷಧದವರ ಮೇಲ್ವಿಚಾರಕ ತೆಳ್ಳಗಿನ ಮನುಷ್ಯ, ಒಳಗೆ ಹೋಗಲೇ ಎಂದು ಕೇಳಿದ. ಅಪ್ಪ ಬಕೆಟ್ಟಿನ ಬಿಳಿ ನೀರನ್ನು ನೋಡುತ್ತ, ದನಿ ಎತ್ತರಿಸದೆ ಕೇಳಿದ.

"ಇದರಾಗ ಔಷಧ ಐತೋ, ಬರೇ ಸುಣ್ಣದ ನೀರೋ?"

ಊರಲ್ಲಿ ಆಗ ಎಲ್ಲರ ಬಾಯಲ್ಲೂ ಅದೇ ಮಾತಿತ್ತು. ಔಷಧ ಕದ್ದು ಮಾರಿ ನಮಗೆ ನೀರು ಹೊಡೆಯುತ್ತಾರೆ ಎನ್ನುತ್ತಿದ್ದರು. ಮೇಲ್ವಿಚಾರಕ ಸಿಟ್ಟಾಗಲಿಲ್ಲ. ತನ್ನ ಮನೆಗೂ ಇದೇ ಬಕೆಟ್ಟಿನದನ್ನು ತಾನೇ ಹೊಡೆದಿದ್ದೇನೆ, ತನ್ನ ಮಗನೂ ಜ್ವರದಿಂದ ಮಲಗಿದ್ದಾನೆ ಎಂದು ಹೇಳಿದ. ಅಪ್ಪ ಸರಿದು ದಾರಿ ಬಿಟ್ಟ.

ಅವರು ಮೂರು ಗೋಡೆಗೆ ಹೊಡೆದು ನಾಲ್ಕನೆಯದಕ್ಕೆ ತಿರುಗಿದಾಗ ಅವ್ವ ಅದರ ಮುಂದೆ ಹೋಗಿ ನಿಂತಿದ್ದಳು. ಅಕ್ಕ ಬರೆದ ಗೋಡೆ ಅದು. ಅವ್ವ ಕೈ ಅಡ್ಡ ಹಿಡಿಯಲಿಲ್ಲ, ಬೇಡಿಕೊಳ್ಳಲಿಲ್ಲ. ಬೆನ್ನು ಗೋಡೆಗೆ ತಾಗದ ಹಾಗೆ, ಒಂದು ಗೇಣು ಜಾಗ ಬಿಟ್ಟು, ಸುಮ್ಮನೆ ನಿಂತಿದ್ದಳು. ಸೊಳ್ಳೆ ಇಲ್ಲೇ ಬಂದು ಕೂರುತ್ತವೆ, ಒಂದು ಗೋಡೆ ಬಿಟ್ಟರೆ ಎಲ್ಲ ಹೊಡೆದದ್ದು ದಂಡ ಎಂದು ಮೇಲ್ವಿಚಾರಕ ತಿಳಿಸಿ ಹೇಳಿದ. ಅವ್ವ ಎಲ್ಲ ಕೇಳಿಸಿಕೊಂಡಳು.

"ಇದೊಂದು ಗ್ವಾಡಿ ಬಿಡ್ರಿ," ಎಂದಳು.

ಅವನು ನನ್ನ ಕಡೆ ನೋಡಿದ. ಮತ್ತೆ ಗೋಡೆಯ ಮೇಲಿನ ಗಿಳಿಗಳನ್ನು ನೋಡಿದ. ಪಂಪಿನವನಿಗೆ ಸಾಕು ಎಂದು ಕೈ ಮಾಡಿ ಹೊರಗೆ ನಡೆದ.

ಮಧ್ಯಾಹ್ನದ ಹೊತ್ತಿಗೆ ತಮ್ಮ ಅಂಗಳದ ಬಿಸಿಲಿನಲ್ಲಿ ಹಾಸಿಗೆಗಳ ರಾಶಿಯ ಮೇಲೆ ಮಲಗಿದ್ದ. ಆಟವಾಡಿ ದಣಿದಿದ್ದಾನೆ ಅಂದುಕೊಂಡಿದ್ದೆ. ಹತ್ತಿರ ಹೋದರೆ ಅವನ ಹಲ್ಲು ಕಟಕಟ ಎನ್ನುತ್ತಿದ್ದವು. ಬಿಸಿಲು ನೆತ್ತಿ ಸುಡುತ್ತಿತ್ತು, ಅವನು ನಡುಗುತ್ತಿದ್ದ. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವಳೂ ನೋಡಿದಳು. ಅವಳ ಕೈ ಒಂದು ಕ್ಷಣ ನಿಂತಿತು, ಮತ್ತೆ ಕಲ್ಲು ಆರಿಸತೊಡಗಿತು. ಅಪ್ಪ ಎದ್ದು ಬಂದು ಒಂದು ಕಂಬಳಿ ತೆಗೆದು ತಮ್ಮನಿಗೆ ಹೊದಿಸಿದ. ಆಮೇಲೆ ಇನ್ನೊಂದು. ಮಳೆಗಾಲದ ಜ್ವರ ಎಂದ. ನನಗೆ ಹೆದರಿಕೆ ಆಗಬೇಕಿತ್ತು. ಏನೂ ಆಗಲಿಲ್ಲ. ಕಾಲುಗಳು ತಾವೇ ನನ್ನನ್ನು ಮನೆಯ ಒಳಗೆ ಕರೆದುಕೊಂಡು ಹೋದವು.

ಒಳಗೆ ಔಷಧದ ವಾಸನೆ ಇನ್ನೂ ಹೋಗಿರಲಿಲ್ಲ. ನಾನು ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ಕೂರುವ ಜಾಗದಲ್ಲಿ ಕೂತೆ. ಕುಣಿಯ ತಂಪು ಪಾದಕ್ಕೆ ಹತ್ತಿತು. ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಎದುರಿನ ಬಿಳಿ ಪುಡಿ ಕೂತ ಗೋಡೆ ಕಂಡಿತು. ಅದರ ಮೇಲೆ ಸೊಳ್ಳೆಗಳು ಕೂತಿದ್ದವು. ತಲೆ ಗೋಡೆಗೆ ಹಚ್ಚಿ, ಹಿಂಭಾಗ ಮೇಲೆತ್ತಿ, ಗೋಡೆಗೆ ಮುಳ್ಳು ಚುಚ್ಚಿದ ಹಾಗೆ. ಇಷ್ಟು ಹೊತ್ತಿಗೆ ಅವು ಕೆಳಗೆ ಬಿದ್ದು ಕಾಲು ಅಲ್ಲಾಡಿಸುತ್ತಿರಬೇಕಿತ್ತು. ನಾನು ಎದ್ದು ಹೋಗಿ ಒಂದು ಎಳೆ ಉಣ್ಣೆಯಿಂದ ಒಂದು ಸೊಳ್ಳೆಯನ್ನು ಮುಟ್ಟಿದೆ. ಅದು ಹಾರಿ, ಒಂದು ಸುತ್ತು ಹಾಕಿ, ಮತ್ತೆ ಅದೇ ಬಿಳಿ ಪುಡಿಯ ಮೇಲೆ ಬಂದು ಕೂತಿತು.

ತಿರುಗಿ ಅಕ್ಕನ ಗೋಡೆ ನೋಡಿದೆ. ಅಲ್ಲಿಯೂ ಸೊಳ್ಳೆಗಳಿದ್ದವು. ಬಳ್ಳಿಯ ಮೇಲೆ, ಗಿಳಿಯ ಹೊಟ್ಟೆಯ ಮೇಲೆ. ನಾನು ಸುಮಾರು ಹೊತ್ತು ಈ ಗೋಡೆ ನೋಡಿದೆ, ಆ ಗೋಡೆ ನೋಡಿದೆ. ಔಷಧ ಇದ್ದ ಕಡೆ ಒಂದು ಥರ, ಇಲ್ಲದ ಕಡೆ ಇನ್ನೊಂದು ಥರ ಇರಬೇಕಲ್ಲ? ಇರಲಿಲ್ಲ. ಎರಡೂ ಕಡೆ ಅವು ಒಂದೇ ರೀತಿ ಆರಾಮವಾಗಿ ಕೂತಿದ್ದವು.

ಹೊರಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಒಳಗೆ ಬಂದ. ಬಿಳಿ ಗೋಡೆಯ ಮೇಲೆ ಅಂಗೈ ಹಚ್ಚಿ, ಪುಡಿ ಹತ್ತಿದ್ದನ್ನು ಮೂಸಿ ನೋಡಿದ. ಒಂದು ಸೊಳ್ಳೆ ಅವನ ಬೆರಳಿನ ಪಕ್ಕದಿಂದಲೇ ಎದ್ದು ಹೋಯಿತು. ಅವನು ಅಲ್ಲೇ ನಿಂತ. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ, ಆದರೆ ಆ ಅಂಗೈಯನ್ನು ಅವನು ಬಹಳ ಹೊತ್ತು ಕೆಳಗಿಳಿಸಲಿಲ್ಲ. ಔಷಧ ಹೊಡೆದ ಮನೆಗೆ ಮಲೇರಿಯಾ ಬರುವುದಿಲ್ಲ ಎಂದು ಹೇಳಿದವನು ಅವನೇ.

ಆಮೇಲೆ ಹೊರಗೆ ಹೋಗಿ ತಮ್ಮನನ್ನು ಕಂಬಳಿಯ ಸಮೇತ ಎತ್ತಿಕೊಂಡ. ಅವ್ವನಿಗೆ ರಾಣೆಬೆನ್ನೂರಿಗೆ ಹೋಗಿ ಬರುತ್ತೇವೆ ಎಂದ. ನನಗೆ ನೀರಿನ ತಂಬಿಗೆ ಹಿಡಿದುಕೊಂಡು ಬಾ ಎಂದ. ಬಸ್ಸು ಹೊರಡುವುದರಲ್ಲಿತ್ತು. ನಾವು ಓಡಲಿಲ್ಲ, ಆದರೂ ಸಿಕ್ಕಿತು. ಕಿಟಕಿಯ ಆಚೆ ಜೋಳದ ಹೊಲ, ಹತ್ತಿಯ ಹೊಲ ಹಿಂದೆ ಹೋಗುತ್ತಿದ್ದವು. ತಮ್ಮನ ನಡುಕ ನಿಂತು ಮೈ ಕೆಂಡವಾಗಿತ್ತು. ಅವನ ಕಾಲು ನನ್ನ ತೊಡೆಯ ಮೇಲಿತ್ತು. ಅದು ಸುಡುತ್ತಿದೆ ಎಂದು ಗೊತ್ತಾಗುತ್ತಿತ್ತು. ಬೇರೆ ಯಾರದೋ ತೊಡೆ ಸುಡುತ್ತಿದೆ ಎನ್ನುವ ಹಾಗೆ.

ದವಾಖಾನೆಯಲ್ಲಿ ಜ್ವರದವರ ಸಾಲು ಉದ್ದ ಇತ್ತು. ಡಾಕ್ಟರು ಧಾರವಾಡದ ಕಡೆಯವರು, ನಡುವಯಸ್ಸಿನವರು. ತಮ್ಮನ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಗೆ ಸವರಿದರು. ಆಮೇಲೆ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡಿ, ಮಲೇರಿಯಾ ಎಂದರು. ಅಪ್ಪ ನನ್ನನ್ನು ಮುಂದೆ ತಳ್ಳಿ, ನೋಡಿದ್ದನ್ನು ಹೇಳು ಎಂದ. ನಾನು ಎರಡು ಗೋಡೆಗಳ ಸಂಗತಿ ಹೇಳಿದೆ. ಸೊಳ್ಳೆ ಹೇಗೆ ಕೂತಿದ್ದವು ಎಂದು ಅವರು ಕೇಳಿದರು. ಮೇಜಿನ ಮೇಲೆ ಬೆರಳನ್ನು ಓರೆಯಾಗಿ ನಿಲ್ಲಿಸಿ ತೋರಿಸಿದೆ. ಅವರು ತಲೆಯಾಡಿಸಿದರು. ಬೇರೆ ಊರುಗಳಿಂದಲೂ ಇದೇ ಮಾತು ಬರುತ್ತಿದೆ, ಆದರೆ ಔಷಧ ಇಲ್ಲದ ಗೋಡೆಯ ಪಕ್ಕ ಔಷಧದ ಗೋಡೆ ಇಟ್ಟು ಯಾರೂ ಹೇಳಿರಲಿಲ್ಲ ಎಂದರು.

ಅಪ್ಪ ಔಷಧ ಕೆಟ್ಟಿದೆಯೇ, ಕಲಬೆರಕೆಯೇ ಎಂದು ಕೇಳಿದ.

"ಔಷಧ ಕೆಟ್ಟಿಲ್ಲ. ಸೊಳ್ಳಿ ಬ್ಯಾರೆ ಆಗ್ಯಾವ," ಎಂದರು ಡಾಕ್ಟರು. ಅಪ್ಪನಿಗೆ ತಿಳಿಯಲಿಲ್ಲ. ಅವರು ಅಪ್ಪನ ಹೆಗಲ ಮೇಲಿನ ಕರಿಕಂಬಳಿ ನೋಡಿದರು. "ಕರೇ ಉಣ್ಣಿ ಜಾಸ್ತಿ ಬೇಕಂದ್ರ ಕುರಿಗಾರ ಏನು ಮಾಡ್ತಾನ?"

"ಬಿಳೇ ಟಗರು ಮಾರ್ತಾನ್ರಿ. ಕರೇ ಟಗರು ಹಿಂಡಿನಾಗ ಇಟ್ಕೋತಾನ."

"ಹುಟ್ಟೋ ಮರಿ?"

"ವರ್ಷಾ ವರ್ಷಾ ಕರೇವು ಹೆಚ್ಚಾಕ್ಕಾವು."

"ನಾವೂ ಅದನ್ನ ಮಾಡೇವಿ. ಔಷಧಕ್ಕ ಸಾಯೋ ಸೊಳ್ಳಿ ಎಲ್ಲಾ ಕೊಂದ್ವಿ. ಸಾಯದ ನಾಕಾರು ಉಳದಿದ್ವು. ಈಗ ಊರತುಂಬ ಇರೋವು ಅವುಗಳ ಮರಿ."

ಅಪ್ಪ ತಮ್ಮನ ಮೇಲಿನ ಕಂಬಳಿ ಸರಿ ಮಾಡಿದ. ಆಮೇಲೆ, ಊರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸುವ ದನಿಯಲ್ಲಿ ಕೇಳಿದ.

"ನನ್ನ ಮಗಳಿಗೂ ಇದ ಆಗಿತ್ತೇನ್ರಿ?"

ಡಾಕ್ಟರು ಅಕ್ಕನ ಜ್ವರ ಹೇಗೆ ಬಂತು, ಹೇಗೆ ಬಿಟ್ಟು ಬಿಟ್ಟು ಬರುತ್ತಿತ್ತು, ಕೊನೆಗೆ ಏನಾಯಿತು ಎಲ್ಲ ಕೇಳಿ ತಿಳಿದುಕೊಂಡರು. ಅವಸರ ಮಾಡಲಿಲ್ಲ.

"ಆಗಿರಬೇಕು," ಎಂದರು.

ಅಪ್ಪ ಹೂಂ ಎಂದ. ಅಷ್ಟೇ. ಗುಳಿಗೆಯನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು, ಆ ಗಂಟನ್ನು ಹಲ್ಲಿನಿಂದ ಎಳೆದು ಬಿಗಿ ಮಾಡಿದ. ಮನೆಗೆ ಬರುವ ತನಕ ಒಂದು ಕೈ ಅದರ ಮೇಲೇ ಇತ್ತು.

ಸಂಜೆ ಮನೆ ಮುಟ್ಟಿದಾಗ ಅವ್ವ ಒಬ್ಬಳೇ ಸಾಮಾನೆಲ್ಲ ಒಳಗಿಟ್ಟು, ಒಲೆ ಹಚ್ಚಿದ್ದಳು. ಅವಳು ಬಾಗಿಲಿಗೆ ಬಂದು ಮೊದಲು ನೋಡಿದ್ದು ಅಪ್ಪನ ಹೆಗಲ ಮೇಲೆ ತಮ್ಮನ ತಲೆ ಹೇಗಿದೆ ಎಂದು. ಅವನು ಕಣ್ಣು ಬಿಟ್ಟು ನೀರು ಕೇಳಿದ. ಗುಳಿಗೆ ಬಹಳ ಕಹಿ. ಅವ್ವ ಅದನ್ನು ಪುಡಿ ಮಾಡಿ ಬೆಲ್ಲದಲ್ಲಿ ಕಲಸಿ ಕೊಟ್ಟಳು, ಅವನು ಉಗಿದ. ಉಗಿದದ್ದನ್ನು ಬೆರಳಿನಿಂದ ಬಳಿದು ಮತ್ತೆ ಬಾಯಿಗೆ ಹಾಕಿದಳು, ಮೂಗು ಹಿಡಿದು ನುಂಗಿಸಿದಳು. ಅಪ್ಪ ಅವಳ ಪಕ್ಕ ಕೂತು, ಎರಡೂ ಗೋಡೆಯ ಮೇಲೆ ಸೊಳ್ಳೆ ಒಂದೇ ಸಮ ಇದ್ದವು, ಆ ಗೋಡೆ ಬಿಟ್ಟದ್ದರಿಂದ ಏನೂ ಆಗಿಲ್ಲ ಎಂದು ತಿಳಿಸಿದ. ಅವ್ವ ಕೇಳಿಸಿಕೊಂಡಳು. ಅವಳ ಎದೆಯಿಂದ ಒಂದು ಉಸಿರು ಹೊರಗೆ ಬಂತು. ಎಷ್ಟು ದಿನದಿಂದ ಹಿಡಿದಿಟ್ಟಿದ್ದಳೋ ಗೊತ್ತಿಲ್ಲ. ಅತ್ತಳು ಎಂದು ಹೇಳಲಾರೆ. ಮೊಣಕಾಲಿಗೆ ಹಣೆ ಹಚ್ಚಿ ಸ್ವಲ್ಪ ಹೊತ್ತು ಕೂತಳು, ಅಷ್ಟರಲ್ಲಿ ಒಲೆಯ ಮೇಲಿನ ಸಾರು ಉಕ್ಕಿತು.

ತಮ್ಮ ಉಳಿದ. ದೀಪಾವಳಿಯ ಹೊತ್ತಿಗೆ ಮತ್ತೆ ಕೋಳಿ ಅಟ್ಟುತ್ತಿದ್ದ. ಮಗ್ಗ ಯಾವ ದಿನ ಮತ್ತೆ ಶುರುವಾಯಿತು ಎಂದು ನನಗೆ ನೆನಪಿಲ್ಲ. ಒಂದು ದಿನ ಶಾಲೆಯಿಂದ ಬರುವಾಗ ಬೀದಿಯ ತಿರುವಿನಲ್ಲೇ ಅದರ ಸದ್ದು ಕೇಳಿಸಿತು.

ಮುಂದೆ ನಾನು ಓದಿ, ಬ್ಯಾಡಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾದೆ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಕಿಟಕಿಯಿಂದ ಘಾಟು ಬಂದು ಹುಡುಗರು ಸೀನುತ್ತಿರುವಾಗಲೇ ಜೀವವಿಕಾಸದ ಪಾಠ ಬರುತ್ತಿತ್ತು. ಪಾಠದಲ್ಲಿ ಜಿರಾಫೆಯ ಕತ್ತು ಇತ್ತು, ಪತಂಗದ ಬಣ್ಣ ಇತ್ತು. ನಾನು ಅವನ್ನೇ ಹೇಳುತ್ತಿದ್ದೆ. ಹುಡುಗರು ಯಾವಾಗಲೂ ಮಾಡುವ ತಪ್ಪು ಒಂದೇ. ಬದುಕಬೇಕೆಂದು ಪ್ರಾಣಿ ತಾನೇ ಬದಲಾಗುತ್ತದೆ ಎಂದು ಬರೆಯುತ್ತಿದ್ದರು. ಇದನ್ನು ಓದುವ ನೀವು ಹಾಗೆ ಬರೆಯಬೇಡಿ. ನಮ್ಮ ಗೋಡೆಯ ಮೇಲಿನ ಯಾವ ಸೊಳ್ಳೆಯೂ ಔಷಧವನ್ನು ಕಂಡು ಗಟ್ಟಿಯಾಗಲಿಲ್ಲ. ಔಷಧ ಬರುವ ಮೊದಲೇ, ಲಕ್ಷಗಟ್ಟಲೆ ಸೊಳ್ಳೆಗಳ ನಡುವೆ ಎಲ್ಲೋ ಕೆಲವಕ್ಕೆ ಅದನ್ನು ತಾಳಿಕೊಳ್ಳುವ ಗುಣ ಮೈಯಲ್ಲಿತ್ತು. ಆ ಗುಣ ಇದೆಯೆಂದು ಅವಕ್ಕೂ ಗೊತ್ತಿರಲಿಲ್ಲ. ಔಷಧ ಬಂದು ಆ ಗುಣ ಇಲ್ಲದವನ್ನೆಲ್ಲ ಗುಡಿಸಿ ಹಾಕಿತು. ಉಳಿದ ಕೆಲವು ಮೊಟ್ಟೆ ಇಟ್ಟವು. ನಮಗೆ ಒಂದು ತಲೆಮಾರು ಕಳೆಯುವಷ್ಟರಲ್ಲಿ ಸೊಳ್ಳೆಗೆ ನೂರಾರು ತಲೆಮಾರು ಕಳೆದಿರುತ್ತವೆ.

ಈಗ ನಾವು ಹಾವೇರಿಯಲ್ಲಿದ್ದೇವೆ. ಕಿಟಕಿಗೆಲ್ಲ ಜಾಳಿಗೆ ಇದೆ, ಗೋಡೆಯ ಸ್ವಿಚ್ಚಿಗೆ ಸಿಕ್ಕಿಸಿದ ಸೊಳ್ಳೆ ಓಡಿಸುವ ಯಂತ್ರ ಇದೆ. ಮೊಮ್ಮಕ್ಕಳಿಗೆ ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಆಗುತ್ತದೆ, ಫಲಿತಾಂಶ ಫೋನಿಗೆ ಬರುತ್ತದೆ. ಅವರ ಫೋಟೊಗಳನ್ನು ಎಣಿಸಿ ಮುಗಿಸಲಾಗದು. ಅಕ್ಕನ ಒಂದೂ ಫೋಟೊ ಇಲ್ಲ. ಆ ಗೋಡೆಯೂ ಮನೆಯ ಜೊತೆ ಬಿದ್ದುಹೋಯಿತು.

ಮೊನ್ನೆ ಮೊಮ್ಮಗಳು ಪರೀಕ್ಷೆಗೆ ಓದುತ್ತ ಪಳೆಯುಳಿಕೆಗಳ ವಯಸ್ಸಿನ ಬಗ್ಗೆ ಕೇಳಿದಳು. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಬಂಡೆಯೊಳಗಿನ ಕೆಲವು ಧಾತುಗಳು ಒಂದೇ ಗತಿಯಲ್ಲಿ ಕ್ಷಯಿಸುತ್ತ ಬೇರೆ ಧಾತುವಾಗುತ್ತವೆ, ಎಷ್ಟು ಕ್ಷಯಿಸಿವೆ ಎಂದು ಅಳೆದರೆ ವಯಸ್ಸು ಸಿಗುತ್ತದೆ ಎಂದು ಹೇಳಿದೆ. ಕೋಟಿ ವರ್ಷ ಎಂದಾಗ ಮೊಮ್ಮಗನಿಗೆ ಆಕಳಿಕೆ ಬಂತು. ಅಷ್ಟು ನಿಧಾನ ಆಗುವುದನ್ನು ನೋಡಿದವರು ಯಾರು ಎಂದ. ಆಗ ನಾನು ಆ ದಿನದ ಕತೆ ಹೇಳಿದೆ. ನಾನೇ ನೋಡಿದ್ದೇನೆ ಎಂದೆ.

ಇಬ್ಬರೂ ಕೇಳಿಸಿಕೊಂಡರು. ಮೊಮ್ಮಗಳು ಪುಸ್ತಕದ ಒಂದು ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಇದ್ದಳು. ಯೋಗ್ಯವಾದದ್ದು ಉಳಿಯುತ್ತದೆ ಎಂದು ಅಲ್ಲಿ ಅಚ್ಚಾಗಿತ್ತು.

"ಅಜ್ಜಾ, ಹಂಗಾರ ನಿನ್ನ ಅಕ್ಕ ಯೋಗ್ಯ ಇರಲಿಲ್ಲೇನು?"

ಇಷ್ಟು ವರ್ಷ ಪಾಠ ಮಾಡಿದರೂ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಆ ಶಬ್ದಕ್ಕೆ ಒಳ್ಳೆಯದು ಎಂಬ ಅರ್ಥ ಇಲ್ಲ ಎಂದೆ. ಆ ಹೊತ್ತಿಗೆ, ಆ ಜಾಗಕ್ಕೆ ಹೊಂದಿಕೆಯಾಗುವುದು ಎಂದಷ್ಟೇ ಅರ್ಥ. ಉಳಿದ ಸೊಳ್ಳೆ ಪುಣ್ಯ ಮಾಡಿರಲಿಲ್ಲ, ಸತ್ತದ್ದು ಪಾಪ ಮಾಡಿರಲಿಲ್ಲ. ತಮ್ಮ ಉಳಿದದ್ದು ಅಕ್ಕನಿಗಿಂತ ಯೋಗ್ಯನೆಂದಲ್ಲ, ಅವನ ಬಾಯಿಗೆ ಗುಳಿಗೆ ಬಿತ್ತೆಂದು. ಅಕ್ಕ ಜೋಕಾಲಿಯಲ್ಲಿ ಎಲ್ಲರಿಗಿಂತ ಮೇಲೆ ಹೋಗುತ್ತಿದ್ದಳು. ಸೊಳ್ಳೆಗಳ ಲೆಕ್ಕಕ್ಕೆ ಅದು ಬರುವುದಿಲ್ಲ. ಅವಳನ್ನು ಆ ಲೆಕ್ಕದಲ್ಲಿ ಇಡಬೇಡ ಎಂದೆ.

ಮೊಮ್ಮಗಳು ಪುಸ್ತಕ ಮುಚ್ಚಿದಳು. ಮೊಮ್ಮಗ ಹತ್ತಿರ ಬಂದು, ಅಕ್ಕ ಅಕ್ಕ ಅಂತ ಹೇಳಿದೆಯಲ್ಲ, ಅವಳಿಗೆ ಹೆಸರು ಇರಲಿಲ್ಲವೇ ಎಂದು ಕೇಳಿದ.

ಇತ್ತು. ಅವ್ವ, ಅಪ್ಪ ಬದುಕಿರುವ ತನಕ ನಮ್ಮ ಮನೆಯಲ್ಲಿ ಯಾರೂ ಆ ಹೆಸರು ಹಿಡಿದು ಮಾತಾಡಲಿಲ್ಲ. ಆಮೇಲೆ ಅದು ನನಗೂ ರೂಢಿಯಾಗಿ ಹೋಗಿತ್ತು. ನಾನು ಹೆಸರು ಹೇಳಿದೆ. ನನ್ನ ದನಿ ನನಗೇ ಬೇರೆ ಕೇಳಿಸಿತು. ಮೊಮ್ಮಗ ಅದನ್ನು ಒಮ್ಮೆ ತಾನೂ ಅಂದು ನೋಡಿದ. ಆಮೇಲೆ ಮೊಮ್ಮಗಳೂ ಅಂದಳು.